ಏಜೆನ್ಸಿ ಕೆಲಸದಲ್ಲಿ ಬರ್ನ್‌ಔಟ್ ಆಗಿದೆಯಾ? ಟೈಮ್‌ಶೀಟ್‌ನಿಂದ ಶುರು ಮಾಡಿ

ಡಿಜಿಟಲ್ ಏಜೆನ್ಸಿಯಲ್ಲಿ, ಅಂದರೆ ಬೇರೆ ಕಂಪನಿಗಳಿಗೆ ವೆಬ್‌ಸೈಟ್, ಜಾಹೀರಾತು ಮಾಡಿಕೊಡುವ ಕಡೆ, ದುಡಿದವರ ಮಾತು ಕೇಳಿದರೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಕಥೆ. ಸೇರಿದಾಗ ಸಖತ್ತಾಗಿತ್ತು, ಕಲಿಯೋಕೆ ತುಂಬಾ ಸಿಕ್ಕಿತು, ಟೀಮ್ ಚೆನ್ನಾಗಿತ್ತು. ಆಮೇಲೆ ಇಬ್ಬರು ಬಿಟ್ಟು ಹೋದರು, ಅವರ ಕ್ಲೈಂಟ್‌ಗಳೂ ನನ್ನ ತಲೆಗೇ ಬಂದರು, ಹೊಸಬರನ್ನು ತಗೊಳ್ತೀವಿ ಅಂದವರು ತಗೊಳ್ಳಲೇ ಇಲ್ಲ, ಈಗ ಭಾನುವಾರ ಸಂಜೆ ಆಯ್ತು ಅಂದ್ರೆ ಹೊಟ್ಟೆಯಲ್ಲಿ ಸಂಕಟ. ನಿಮ್ಮದೂ ಇದೇ ಕಥೆಯಾದರೆ ಮುಂದೆ ಓದಿ. ಧ್ಯಾನ ಮಾಡಿ, ನೀರು ಜಾಸ್ತಿ ಕುಡಿಯಿರಿ ಅನ್ನೋ ಸಲಹೆ ಇಲ್ಲಿಲ್ಲ. ಅದರಿಂದ ಕೆಟ್ಟದ್ದೇನೂ ಆಗಲ್ಲ, ಆದರೆ ನಿಮ್ಮ ಕ್ಯಾಲೆಂಡರ್ ಕೂಡ ಖಾಲಿ ಆಗಲ್ಲ.

ಮೊದಲು, ಇದು ಬರ್ನ್‌ಔಟ್ ಹೌದಾ ಅಂತ ನೋಡಿಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ, ಅಂದರೆ ಐಸಿಡಿ-11ರಲ್ಲಿ, ಬರ್ನ್‌ಔಟ್ ಇದೆ. ಆದರೆ ಕಾಯಿಲೆ ಅಂತ ಅಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಅಂತ. ಬಹಳ ದಿನ ಇದ್ದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಇದ್ದಾಗ ಬರುತ್ತದೆ ಅನ್ನುವುದು ಅವರ ವಿವರಣೆ. ಮೂರು ಗುರುತು ಹೇಳುತ್ತಾರೆ.

ಒಂದು, ಶಕ್ತಿಯೆಲ್ಲ ಬತ್ತಿಹೋದ ಹಾಗಿನ ಸುಸ್ತು. ಎರಡು, ಕೆಲಸದ ಮೇಲೆ ತಿರಸ್ಕಾರ. ಕ್ಲೈಂಟ್ ಹೆಸರು ಫೋನ್‌ನಲ್ಲಿ ಕಂಡ ಕೂಡಲೇ ಮುಖ ಗಂಟಿಕ್ಕುತ್ತದೆ, ಡಿಸೈನ್ ಬಗ್ಗೆ ವಾದ ಮಾಡುತ್ತಿದ್ದವರು ‘ಏನು ಬೇಕಾದ್ರೂ ಮಾಡ್ಕೊಳ್ಳಲಿ’ ಅನ್ನೋಕೆ ಶುರು ಮಾಡುತ್ತೀರಿ. ಮೂರು, ಕೈಯಲ್ಲಿ ಏನೂ ಆಗ್ತಿಲ್ಲ ಅನ್ನಿಸುವುದು. ಅರ್ಧ ಗಂಟೆಯಲ್ಲಿ ಬರೆಯುತ್ತಿದ್ದ ಕ್ಯಾಪ್ಷನ್‌ಗೆ ಇಡೀ ಮಧ್ಯಾಹ್ನ ಹೋಗುತ್ತದೆ.

ರಜೆಯಲ್ಲೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನಿಸುತ್ತಿದೆ ಅಂದರೆ ಈ ಬರಹ ಪಕ್ಕಕ್ಕಿಡಿ. ಮನೆಯವರಿಗೋ ಸ್ನೇಹಿತರಿಗೋ ಇವತ್ತೇ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ಅದು ಆಫೀಸಿನ ಲೆಕ್ಕಾಚಾರದಲ್ಲಿ ಬಗೆಹರಿಯುವ ವಿಷಯ ಅಲ್ಲ.

ಗಂಟೆಗಳ ಲೆಕ್ಕ

ಏಜೆನ್ಸಿ ಕ್ಲೈಂಟ್‌ಗೆ ಮಾರುವುದು ನಿಮ್ಮ ಗಂಟೆಗಳನ್ನು. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ವಾರಕ್ಕೆ 40 ಗಂಟೆ, ಅದರಲ್ಲಿ ಶೇ. 80 ಬಿಲ್ ಮಾಡಬೇಕು ಅಂತ ಟಾರ್ಗೆಟ್ ಇದೆ ಅಂದುಕೊಳ್ಳಿ. 32 ಗಂಟೆ ಕ್ಲೈಂಟ್ ಕೆಲಸ. ಉಳಿದ 8 ಗಂಟೆಯಲ್ಲಿ ದಿನಾ ಬೆಳಗಿನ ಸ್ಟ್ಯಾಂಡಪ್ (ಟೀಮಿನ ಚಿಕ್ಕ ಮೀಟಿಂಗ್), ಇಂಟರ್ನಲ್ ರಿವ್ಯೂ, ಮೇಲ್, ಹೊಸಬರಿಗೆ ಕೆಲಸ ಹೇಳಿಕೊಡುವುದು, ಇದರ ಮಧ್ಯೆ ಇನ್ನೂ ಸಿಗದ ಕ್ಲೈಂಟ್‌ಗೆ ಪಿಚ್ ಡೆಕ್, ಅಂದರೆ ನಮಗೇ ಕೆಲಸ ಕೊಡಿ ಅಂತ ತೋರಿಸುವ ಸ್ಲೈಡುಗಳು. 8 ಗಂಟೆಯಲ್ಲಿ ಇಷ್ಟೆಲ್ಲ ಹಿಡಿಸಲ್ಲ, ಅಲ್ವಾ? ಹಿಡಿಸದೆ ಇದ್ದದ್ದೆಲ್ಲ ರಾತ್ರಿಗೆ ಹೋಗುತ್ತದೆ. ನಿಮಗೆ ಟೈಮ್ ಮ್ಯಾನೇಜ್ಮೆಂಟ್ ಬರಲ್ಲ ಅಂತ ಯಾರಾದರೂ ಹೇಳಿದರೆ ಮೊದಲು ಈ ಕೂಡು ಕಳೆ ಮಾಡಿ ತೋರಿಸಿ.

ಈಗ ಟೈಮ್‌ಶೀಟ್ ವಿಷಯಕ್ಕೆ ಬರೋಣ. ಯಾವ ಕೆಲಸಕ್ಕೆ ಎಷ್ಟು ಗಂಟೆ ಹೋಯಿತು ಅಂತ ಬರೆಯುವ, ಎಲ್ಲರೂ ಬೈಯುವ, ಶುಕ್ರವಾರ ಸಂಜೆ ಅಂದಾಜಿನ ಮೇಲೆ ತುಂಬುವ ಆ ಶೀಟು. ಒಂದು ಲ್ಯಾಂಡಿಂಗ್ ಪೇಜ್‌ಗೆ (ಜಾಹೀರಾತು ಒತ್ತಿದಾಗ ತೆರೆಯುವ ಪುಟ) 20 ಗಂಟೆ ಎಸ್ಟಿಮೇಟ್ ಕೊಟ್ಟಿದ್ದಾರೆ: ಡಿಸೈನ್‌ಗೆ 8, ಕಾಪಿಗೆ (ಪುಟದ ಬರಹಕ್ಕೆ) 4, ಕೋಡಿಂಗ್‌ಗೆ 8. ಕ್ಲೈಂಟ್ ಮೇಲಿನ ಚಿತ್ರವನ್ನು ಮೂರು ಸಲ ಬದಲಾಯಿಸಿದರು, ಕಾಪಿ ತಡವಾಗಿ ಓಕೆ ಆಯಿತು, ಫಾರ್ಮ್ ಕೆಲಸ ಮಾಡಲಿಲ್ಲ ಅಂತ ಒಂದು ರಾತ್ರಿ ಹೋಯಿತು. ಒಟ್ಟು 31 ಗಂಟೆ. ಶೀಟಿನಲ್ಲಿ ಬರೆದದ್ದು 20. ಯಾಕೆ? ಎಸ್ಟಿಮೇಟ್ ದಾಟಿದರೆ ಪ್ರಶ್ನೆ ಕೇಳ್ತಾರೆ, ನಾನು ಸ್ಲೋ ಅಂದುಕೊಳ್ತಾರೆ. ಕೆಲವು ತಿಂಗಳಾದ ಮೇಲೆ ಇನ್ನೊಬ್ಬ ಕ್ಲೈಂಟ್ ಅಂಥದ್ದೇ ಪೇಜ್ ಕೇಳುತ್ತಾನೆ. ಕೋಟ್ ಮಾಡುವವರು ಹಳೇ ಶೀಟ್ ತೆಗೆದು ನೋಡುತ್ತಾರೆ, ಓ, 20ರಲ್ಲಿ ಆಗುತ್ತೆ. ಕೋಟ್ ಹೋಗುತ್ತದೆ. ಆ 11 ಗಂಟೆ ಮತ್ತೆ ನಿಮ್ಮ ಪಾಲಿಗೇ, ಅಥವಾ ಪಕ್ಕದ ಸೀಟಿನವರ ಪಾಲಿಗೆ. ಇಡೀ ಆಫೀಸು ಸೇರಿ ಸುಳ್ಳು ಬರೆಯುತ್ತಿರುವಾಗ ಜನ ಸಾಲದು ಅಂತ ಯಾವ ಡೈರೆಕ್ಟರ್‌ಗೆ ಗೊತ್ತಾಗಬೇಕು? (ಕೆಲವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ, ಅದು ಬೇರೆ ಮಾತು.)

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಜಪಾನಿನ ಜಾಹೀರಾತು ಕಂಪನಿ ಡೆಂಟ್ಸುವಿನ ಪ್ರಕರಣ ನೋಡಿ. ಅಲ್ಲಿ ಇಂಟರ್ನೆಟ್ ಜಾಹೀರಾತು ವಿಭಾಗದಲ್ಲಿದ್ದ 24 ವರ್ಷದ ಉದ್ಯೋಗಿಯೊಬ್ಬರು 2015ರ ಡಿಸೆಂಬರ್‌ನಲ್ಲಿ ಜೀವ ಕಳೆದುಕೊಂಡರು. ಅವರು ಬರೆದುಕೊಟ್ಟಿದ್ದ ತಿಂಗಳ ಓವರ್‌ಟೈಮ್ 70 ಗಂಟೆಯ ಮಿತಿಯೊಳಗೇ ಇತ್ತು. ಕಾರ್ಮಿಕ ಕಚೇರಿ ಲೆಕ್ಕ ಹಾಕಿದಾಗ ಒಂದು ತಿಂಗಳಿಗೆ ಸುಮಾರು 105 ಗಂಟೆ. ಅತಿಯಾದ ದುಡಿತವೇ ಕಾರಣ ಅಂತ 2016ರಲ್ಲಿ ತೀರ್ಮಾನವಾಯಿತು, 2017ರಲ್ಲಿ ಕೋರ್ಟ್ ಕಂಪನಿಗೆ 5 ಲಕ್ಷ ಯೆನ್ ದಂಡ ಹಾಕಿತು.

ಹಾಗಾಗಿ ಎರಡು ಮೂರು ವಾರ ನಿಜವಾದ ಗಂಟೆ ಬರೆಯಿರಿ. ‘ಎಂಟೇ ಬರೀರಿ’ ಅಂತ ಮೇಲಿನವರು ಹೇಳಿದರೆ, ನಿಮ್ಮದೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ: ದಿನಾಂಕ, ಯಾವ ಕೆಲಸ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು. ಅಷ್ಟು ಸಾಕು. ಕ್ಲೈಂಟ್ ಫೈಲು, ಸ್ಕ್ರೀನ್‌ಶಾಟು ಎಲ್ಲ ಸ್ವಂತ ಡ್ರೈವ್‌ಗೆ ಹಾಕಿಕೊಳ್ಳಬೇಡಿ, ನಾಳೆ ಅದೇ ನಿಮ್ಮ ಕುತ್ತಿಗೆಗೆ ಬರುತ್ತದೆ. ವಾರಕ್ಕೆ 55 ದಾಟುತ್ತಿದ್ದರೆ ಹಗುರವಾಗಿ ತಗೋಬೇಡಿ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಮತ್ತು ಅದಕ್ಕಿಂತ ಹೆಚ್ಚು ಗಂಟೆ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಟ್ಟಿಗೆ ಹೇಳಿವೆ.

‘ಒಂದು ಸಣ್ಣ ಚೇಂಜ್’

ಶುಕ್ರವಾರ ಸಂಜೆ ಆರೂಮುಕ್ಕಾಲಿಗೆ ಬರುತ್ತದೆ ಈ ಮೆಸೇಜು. ಆಗಲ್ಲ ಅಂದರೆ ಜಗಳ, ಆಯ್ತು ಅಂದರೆ ಶನಿವಾರ ಹೋಯಿತು. ಎರಡೂ ಬೇಡ, ಹೀಗೆ ಬರೆಯಿರಿ: ‘ಮಾಡಬಹುದು. ಇದು ಈಗ ಒಪ್ಪಿಕೊಂಡಿರುವ ಕೆಲಸದ ಸ್ಕೋಪ್‌ನಲ್ಲಿ ಇಲ್ಲ, ಸುಮಾರು 6 ಗಂಟೆ ಕೆಲಸ. ಸೋಮವಾರ ಶುರು ಮಾಡಿದರೆ ಮಂಗಳವಾರ ಸಂಜೆ ಸಿಗುತ್ತದೆ. ಅದಕ್ಕೂ ಮೊದಲೇ ಬೇಕು ಅಂದರೆ ಸೋಮವಾರದ ಇಮೇಲರ್ ಮುಂದಕ್ಕೆ ಹಾಕಬೇಕಾಗುತ್ತದೆ. ಯಾವುದು ಮಾಡೋಣ?’ ಕ್ಲೈಂಟ್ ಜೊತೆ ನೇರ ಮಾತಾಡುವ ಅಧಿಕಾರ ನಿಮಗಿಲ್ಲದಿದ್ದರೆ ಇದನ್ನೇ ಆ ಕ್ಲೈಂಟ್ ಜೊತೆ ವ್ಯವಹರಿಸುವ ಅಕೌಂಟ್ ಮ್ಯಾನೇಜರ್‌ಗೆ ಕಳಿಸಿ. ಪಾಪ, ಅವರಿಗೂ ಕ್ಲೈಂಟ್ ಮುಂದೆ ಹೇಳೋಕೆ ಒಂದು ಸಂಖ್ಯೆ ಬೇಕಿರುತ್ತದೆ.

ಮ್ಯಾನೇಜರ್ ಹತ್ತಿರ ಮಾತಾಡುವಾಗಲೂ ಇಷ್ಟೇ. ತುಂಬಾ ಕೆಲಸ ಆಗ್ತಿದೆ ಅಂದರೆ ‘ಎಲ್ಲರಿಗೂ ಆಗ್ತಿದೆ’ ಅಂತ ಉತ್ತರ ಬರುತ್ತದೆ. ‘ನನ್ನ ಹತ್ತಿರ ಐದು ಕ್ಲೈಂಟ್ ಇದ್ದಾರೆ, ಮೂರು ವಾರದ ಸರಾಸರಿ 53 ಗಂಟೆ, ಇದರಲ್ಲಿ ಯಾವ ಎರಡನ್ನು ಬೇರೆಯವರಿಗೆ ಕೊಡಬಹುದು ಹೇಳಿ’ ಅಂತ ಕೇಳಿ. ಮಾತು ಮುಗಿದ ಮೇಲೆ ಒಪ್ಪಿಕೊಂಡದ್ದನ್ನು ಅದೇ ದಿನ ಮೇಲ್‌ನಲ್ಲಿ ಹಾಕಿ. ಬಾಯಿಮಾತಿನ ಭರವಸೆ ಮುಂದಿನ ಪಿಚ್ ಬರೋವರೆಗೆ ಮಾತ್ರ.

ರಾತ್ರಿ ಮೆಸೇಜು

ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕಿನ ಬಗ್ಗೆ ಕಾನೂನು ಇದೆ. ಅಂಥ ಕಾನೂನು ಇಲ್ಲದ ಕಡೆ ಟೀಮೇ ಒಂದು ನಿಯಮ ಮಾಡಿಕೊಳ್ಳಬೇಕು: ತುರ್ತು ಇದ್ದರೆ ಫೋನ್ ಮಾಡಿ, ಗ್ರೂಪ್ ಮೆಸೇಜ್ ಬೆಳಗ್ಗೆಯೇ ನೋಡೋದು. ತುರ್ತು ಅಂದರೆ ಸೈಟ್ ಬಿದ್ದಿರುವುದು, ತಪ್ಪು ಬೆಲೆ ಇರುವ ಜಾಹೀರಾತು ಓಡುತ್ತಿರುವುದು, ದಿನದ ಬಜೆಟ್ ಒಂದೇ ಗಂಟೆಯಲ್ಲಿ ಖರ್ಚಾಗುತ್ತಿರುವುದು. ಲೋಗೋ ದೊಡ್ಡದು ಮಾಡುವುದು ಅಲ್ಲ. ಸುಮ್ನೆ ಮೆಸೇಜ್ ಹಾಕುವವರಲ್ಲಿ ಫೋನ್ ಎತ್ತಿ ಕರೆ ಮಾಡುವವರು ಬಹಳ ಕಡಿಮೆ. ಹೊಸ ಸೈಟ್ ಅಥವಾ ಜಾಹೀರಾತು ಲಾಂಚ್ ಇರುವ ವಾರ, ರಾತ್ರಿ ಫೋನ್ ಯಾರು ಎತ್ತೋದು ಅಂತ ಸರದಿ ಹಾಕಿಕೊಳ್ಳಿ.

ಇರಬೇಕೋ ಬಿಡಬೇಕೋ

ಬರ್ನ್‌ಔಟ್ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಕ್ರಿಸ್ಟಿನಾ ಮಸ್ಲಾಕ್ ಮತ್ತು ಮೈಕೆಲ್ ಲೈಟರ್ ಆರು ವಿಷಯ ನೋಡಿ ಅನ್ನುತ್ತಾರೆ: ಕೆಲಸದ ಹೊರೆ, ಕೆಲಸದ ಮೇಲೆ ನಿಮಗಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಗಿರುವ ಜನ, ನ್ಯಾಯ, ಮೌಲ್ಯ. ಹೊರೆ ಒಂದೇ ಕೆಟ್ಟಿದ್ದರೆ ಮಾತಾಡಿ ಸರಿ ಮಾಡಬಹುದು. ನ್ಯಾಯ ಕೆಟ್ಟಿದ್ದರೆ, ಅಂದರೆ ರಾತ್ರಿ ಕೂತವರು ಒಬ್ಬರು ಬಡ್ತಿ ಪಡೆದವರು ಇನ್ನೊಬ್ಬರು, ‘ನಾವೆಲ್ಲ ಒಂದೇ ಫ್ಯಾಮಿಲಿ’ ಅನ್ನೋ ಮಾತು ಓವರ್‌ಟೈಮ್ ಕೇಳುವಾಗ ಮಾತ್ರ ಬರುತ್ತದೆ ಅಂದರೆ, ನನ್ನ ಪ್ರಕಾರ ಬೇರೆ ಕಡೆ ನೋಡುವುದು ಒಳ್ಳೆಯದು. ಕೈಯಲ್ಲಿ ಕೆಲವು ತಿಂಗಳ ಖರ್ಚಿಗೆ ದುಡ್ಡು ಇಟ್ಟುಕೊಂಡು, ನೋಟಿಸ್ ಪಿರಿಯಡ್ ಎಷ್ಟು ಅಂತ ಆಫರ್ ಲೆಟರ್ ತೆಗೆದು ನೋಡಿಕೊಂಡು.

ಹೊಸ ಕಂಪನಿಯ ಬಗ್ಗೆ ಉದ್ಯೋಗಿಗಳು ಬರೆದ ರಿವ್ಯೂ ಓದುವಾಗ ಒಂದೇ ವಾರದಲ್ಲಿ ಸಾಲಾಗಿ ಬಂದ ಐದು ಸ್ಟಾರ್‌ಗಳನ್ನು ಬಿಟ್ಟುಬಿಡಿ. ಮೂರು ಸ್ಟಾರ್ ಕೊಟ್ಟವರು ಬರೆದದ್ದು ಓದಿ, ಒಂದೇ ದೂರು ಬೇರೆ ಬೇರೆ ವರ್ಷಗಳಲ್ಲಿ ಬಂದಿದೆಯಾ ಹುಡುಕಿ. ಇಂಟರ್ವ್ಯೂನಲ್ಲಿ ಕಲ್ಚರ್ ಹೇಗಿದೆ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳೋದು. ಈ ಜಾಗದಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು, ಒಬ್ಬರಿಗೆ ಎಷ್ಟು ಕ್ಲೈಂಟ್, ಪಿಚ್‌ಗೆ ಹೋಗುವ ಗಂಟೆ ಯಾವ ಲೆಕ್ಕಕ್ಕೆ, ಕ್ಲೈಂಟ್‌ಗೆ ಆಗಲ್ಲ ಅಂತ ಕೊನೆಯ ಸಲ ಹೇಳಿದ್ದು ಯಾವಾಗ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಎದುರಿಗಿರುವವರು ನಕ್ಕು ಮಾತು ಬದಲಾಯಿಸಿದರೆ, ಆಫರ್ ಬಂದ ಮೇಲೂ ಸಹಿ ಹಾಕುವ ಮೊದಲು ಅಲ್ಲಿ ಬಿಟ್ಟು ಬಂದ ಒಬ್ಬರನ್ನಾದರೂ ಹುಡುಕಿ ಮಾತಾಡಿಸಿ.