ಮೇಕೆದಾಟಿಗೆ ನಡೆದೇ ಹೋಗುವುದು ಹೇಗೆ?

ಮೇಕೆದಾಟು ಎಂದ ಕೂಡಲೇ ಅಣೆಕಟ್ಟಿನ ಜಗಳ ನೆನಪಾಗುತ್ತದೆ. ಜಾಗ ನೋಡಿದವರಲ್ಲೂ ಹೆಚ್ಚಿನವರು ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಲ್ಲಿ ಗಾಡಿ ಹತ್ತಿ, ಬಂಡೆ ಮೇಲೆ ಫೋಟೊ ತೆಗೆಸಿಕೊಂಡು ವಾಪಸ್ ಬಂದವರೇ. ಸಂಗಮದಿಂದ ಮೇಕೆದಾಟಿನವರೆಗಿನ ಸುಮಾರು 4 ಕಿ.ಮೀ. ಮಣ್ಣಿನ ದಾರಿಯಲ್ಲೇ ನಿಜವಾದ ಮಜಾ ಇರುವುದು. ಒಂದು ಪಕ್ಕ ಕಾವೇರಿ, ಇನ್ನೊಂದು ಪಕ್ಕ ಕಾಡು. ಏರು ಜಾಸ್ತಿ ಇಲ್ಲ. ಬೆಳಿಗ್ಗೆ ಲಾಲ್‌ಬಾಗ್ ಸುತ್ತುವ ಅಭ್ಯಾಸ ಇದ್ದವರಿಗೆ ಕಷ್ಟವೇನಲ್ಲ.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡ. ಇಲ್ಲಿ ಹನಿ ಬೀಳದಿದ್ದರೂ, ಕೊಡಗಿನಲ್ಲೋ ವಯನಾಡಿನಲ್ಲೋ ಜೋರು ಮಳೆಯಾಗಿ ಕೆ.ಆರ್.ಎಸ್., ಕಬಿನಿಯ ಗೇಟು ಎತ್ತಿದರೆ ನೀರು ಏರುತ್ತದೆ. ಇದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದ ಜಾಗ. ಹಾಗಾಗಿ ದಾರಿ ತೆರೆದಿದೆಯಾ, ನಡೆದು ಹೋಗಲು ಬಿಡುತ್ತಾರಾ ಎಂದು ಹೊರಡುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಭಾನುವಾರದ ಕಾಡಿನಲ್ಲಿ ಹಕ್ಕಿಗಿಂತ ಬ್ಲೂಟೂತ್ ಸ್ಪೀಕರ್‌ಗಳೇ ಜಾಸ್ತಿ.

ಸಂಗಮ ಬೆಂಗಳೂರಿನಿಂದ ಹೆಚ್ಚುಕಡಿಮೆ 100 ಕಿ.ಮೀ. ಕನಕಪುರ, ದೊಡ್ಡಾಲಹಳ್ಳಿ ಮೇಲೆ ದಾರಿ. ಬೆಳಿಗ್ಗೆ ಐದೂವರೆಗೆ ಮನೆ ಬಿಡಿ, ಕನಕಪುರದಲ್ಲಿ ತಿಂಡಿ ಮುಗಿಸಿ. ಬಸ್ಸಿನಲ್ಲಿ ಹೋಗುವವರು ಕನಕಪುರದಲ್ಲಿ ಬಸ್ಸು ಬದಲಿಸಬೇಕಾಗಬಹುದು. ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕಂಡಕ್ಟರನ್ನು ಕೇಳಿ.

ತಲಾ ಎರಡು ಲೀಟರ್ ನೀರು, ಟೋಪಿ, ಹಿಂದೆ ಪಟ್ಟಿ ಇರುವ ಚಪ್ಪಲಿ, ಒಂದು ಟವೆಲ್ ಇರಲಿ. ಊಟಕ್ಕೆ ಪುಳಿಯೋಗರೆ, ಚಪಾತಿ ಸಾಕು. ಡಬ್ಬಿಯಲ್ಲೇ ಒಯ್ಯಿರಿ, ಪ್ಲಾಸ್ಟಿಕ್ ಕವರ್ ಕೈಯಲ್ಲಿ ಕಂಡರೆ ಕೋತಿ ಬಿಡುವುದಿಲ್ಲ.

ಸಂಗಮದಲ್ಲಿ ಮೊದಲು ಅರ್ಕಾವತಿ ದಾಟಬೇಕು. ನೀರು ಕಡಿಮೆ ಇದ್ದರೆ ಕಾಲ್ನಡಿಗೆ, ಇಲ್ಲವೆಂದರೆ ತೆಪ್ಪ. ಎಲ್ಲಿ ದಾಟಬೇಕೆಂದು ಅಲ್ಲಿನವರನ್ನೇ ಕೇಳಿ, ಅವರು ಬೇಡ ಎಂದರೆ ಬೇಡ. ನಂದಿ ಬೆಟ್ಟದಲ್ಲಿ ಹುಟ್ಟುವ ಈ ಹೊಳೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ, ಕೆಳಗೆ ನಮ್ಮ ವೃಷಭಾವತಿಯನ್ನೂ ಸೇರಿಸಿಕೊಂಡು ಬರುತ್ತದೆ. ಅಂದರೆ ಕೆಂಗೇರಿ ಕಡೆಯ ಕೊಳಚೆ ನಿಮಗಿಂತ ಮೊದಲೇ ಸಂಗಮ ಸೇರಿರುತ್ತದೆ! ನಮ್ಮ ನಲ್ಲಿಗೆ ಬರುವ ಕಾವೇರಿ ನೀರನ್ನು ಇದಕ್ಕಿಂತ ಮೇಲೆ ಎತ್ತಿ, ತೊರೆಕಾಡನಹಳ್ಳಿಯಿಂದ ಪಂಪ್ ಮಾಡುತ್ತಾರೆ. ಬಳಸಿ ಬಿಟ್ಟಿದ್ದರಲ್ಲಿ ಒಂದು ಪಾಲು ಇಲ್ಲಿಗೆ ಬಂದು ಬೀಳುತ್ತದೆ. ದಾಟಿದ ಮೇಲೆ ಬಾಟಲಿ ನೀರಿನಲ್ಲಿ ಕೈ ತೊಳೆದುಕೊಂಡೇ ಡಬ್ಬಿ ಬಿಚ್ಚಿ.

ಅಲ್ಲಿಂದ ಮಣ್ಣಿನ ದಾರಿ ಬಿಟ್ಟು ಕದಲಬೇಡಿ. ನಿಧಾನಕ್ಕೆ ನಡೆದರೆ ಒಂದೂವರೆ ಗಂಟೆ. ದಂಡೆಯಲ್ಲಿ ಹೊಳೆಮತ್ತಿ ಮರಗಳಿವೆ, ಬಿಳಿಚು ತೊಗಟೆಯ ದೊಡ್ಡ ಮರಗಳು. ಕೆಳಗೆ ನಿಂತು ಕೊಂಬೆಗಳನ್ನು ನೋಡಿ. ಬೂದುಬಣ್ಣದ ದೊಡ್ಡ ಅಳಿಲಿನ ಉದ್ದನೆಯ ಬಾಲ ಇಳಿಬಿದ್ದಿದ್ದರೂ ಇದ್ದೀತು. ಕರ್ನಾಟಕದಲ್ಲಿ ಆ ಅಳಿಲಿಗೆ ಈ ಕಾವೇರಿ ಕಾಡೇ ಮುಖ್ಯ ನೆಲೆ. ನದಿ ನಡುವಿನ ಬಂಡೆಗಳ ಮೇಲೂ ಕಣ್ಣಿಡಿ: ನೀರುನಾಯಿ ಸಿಕ್ಕರೆ ಅದೃಷ್ಟ. ಅಲ್ಲಾಡದೆ ಬಿದ್ದಿರುವ ಮರದ ತುಂಡು ಮೊಸಳೆಯೂ ಆಗಿರಬಹುದು.

ಆನೆ ಲದ್ದಿ ಕಂಡರೆ ನಿಲ್ಲಿ. ಒಣಗಿ, ನಾರು ನಾರಾಗಿ ಉದುರುತ್ತಿದ್ದರೆ ಹಳೆಯದು, ಮುಂದೆ ಹೋಗಬಹುದು. ಹಸಿಯಾಗಿ ಹೊಳೆಯುತ್ತಾ ವಾಸನೆ ಹೊಡೆಯುತ್ತಿದ್ದರೆ, ಪಕ್ಕದಲ್ಲಿ ಆಗಷ್ಟೇ ಮುರಿದ ಬಿದಿರೂ ಇದ್ದರೆ, ಸುಮ್ನೆ ಬಂದ ದಾರಿಯಲ್ಲೇ ವಾಪಸ್ ತಿರುಗಿ. ಸೆಲ್ಫಿಗೆ ಕಾಯಬೇಡಿ.

ಮೇಕೆದಾಟಿನಲ್ಲಿ ಅಷ್ಟು ಅಗಲದ ಕಾವೇರಿ ಬಂಡೆಗಳ ಸೀಳಿನೊಳಗೆ ನುಗ್ಗುತ್ತದೆ. ಎಲ್ಲರೂ ನೀರನ್ನೇ ನೋಡುತ್ತಾರೆ, ನೀವು ಕಾಲಬುಡದ ಬಂಡೆಯನ್ನೂ ನೋಡಿ. ಒರಳಿನಂತೆ ದುಂಡಗೆ ಕೊರೆದ ಗುಳಿಗಳಿವೆ. ಪ್ರವಾಹದ ಸುಳಿಗೆ ಸಿಕ್ಕ ಕಲ್ಲುಗಳು ಒಂದೇ ಜಾಗದಲ್ಲಿ ಗಿರಗಿರ ತಿರುಗಿ ತಿರುಗಿ ಕೊರೆದಿದ್ದು ಅವು. ಕೆಲವು ಗುಳಿಗಳ ತಳದಲ್ಲಿ ನುಣುಪಾದ ಉರುಟು ಕಲ್ಲುಗಳು ಇನ್ನೂ ಕೂತಿರುತ್ತವೆ. ಗಟ್ಟಿ ಬಂಡೆಯನ್ನೇ ಕೊರೆಯುವ ಸುಳಿಗೆ ನಾವು ಯಾವ ಲೆಕ್ಕ ಅಲ್ವಾ? ಈಜು ಬಂದರೂ ಇಳಿಯಬೇಡಿ. ಜನ ಸತ್ತಿದ್ದಾರೆ, ಪ್ರತಿ ಬಾರಿಯೂ ಪೇಪರಿನಲ್ಲಿ ಓದಿರುತ್ತೀರಿ. ಪಾಚಿ ಹಿಡಿದ ಬಂಡೆಯ ಅಂಚಿನಿಂದ ದೂರ ಕೂತು ಊಟ ಮಾಡಿ.

ಮಧ್ಯಾಹ್ನ ಒಂದಕ್ಕೆಲ್ಲ ವಾಪಸ್ ಹೊರಡಿ. ಸಂಜೆ ಆನೆಗಳು ನೀರಿಗೆ ಇಳಿಯುವ ಹೊತ್ತು, ಆಗ ಆ ದಾರಿ ನಮ್ಮದಲ್ಲ. ಮೂರರೊಳಗೆ ಸಂಗಮಕ್ಕೆ ಬಂದರೆ ಅಂಗಡಿಯಲ್ಲಿ ಬಿಸಿಬಿಸಿ ಮೀನು ಫ್ರೈ ತಿನ್ನಲು ಟೈಮ್ ಇರುತ್ತದೆ. ಬಸ್ಸಿನವರು ಮಾತ್ರ ಮೊದಲು ಬಸ್ಸು ವಿಚಾರಿಸಿ, ಆಮೇಲೆ ಮೀನು ಹೇಳಿ.