ಮನೆಯ ಸಂಜೆ ಪ್ರಾರ್ಥನೆಯಲ್ಲಿ ಬೆಳಕನ್ನು ಧ್ಯಾನಿಸುವ ಬಗೆ

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ಸೇವೆ ಆರಂಭಿಸಿದ ಧಾರವಾಡದಲ್ಲಾಗಲಿ, ಗದಗ-ಬೆಟಗೇರಿಯಲ್ಲಾಗಲಿ, ಮನೆಮಂದಿ ಕೂಡಿ ಮಾಡುವ ಸಂಜೆ ಪ್ರಾರ್ಥನೆಯಲ್ಲಿ ಬೆಳಕನ್ನು ಧ್ಯಾನಿಸಬೇಕೆಂದಿದ್ದರೆ, ವಿದ್ಯುದ್ದೀಪಗಳನ್ನು ಆರಿಸಿ, ಒಂದೇ ಮೇಣದಬತ್ತಿ ಹಚ್ಚಿ, ಬೈಬಲಿನ ಯೋಹಾನ 8:12ನ್ನು ನಿಧಾನವಾಗಿ ಓದಿರಿ. ಅಲ್ಲಿ ಕ್ರಿಸ್ತನು ತಾನೇ ಲೋಕದ ಬೆಳಕೆನ್ನುತ್ತಾನೆ. ಬಳಿಕ ಮತ್ತಾಯ 5:14ನ್ನು ಓದಿರಿ; ಅಲ್ಲಿ ಅದೇ ಮಾತನ್ನು ಶಿಷ್ಯರ ಕುರಿತು ಹೇಳಿ, ಅವರೇ ಲೋಕದ ಬೆಳಕೆನ್ನುತ್ತಾನೆ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿರಿ, ಏಕೆಂದರೆ ಶಿಷ್ಯನ ಬೆಳಕು ಸ್ವಂತದ್ದಲ್ಲ, ಆತನಿಂದ ಪಡೆದದ್ದು. ಆದ್ದರಿಂದಲೇ ಬಳಿಕ ಎಲ್ಲರೂ ತಮ್ಮ ಬತ್ತಿಯನ್ನು ಆ ಮೊದಲ ಜ್ವಾಲೆಯಿಂದಲೇ ಹೊತ್ತಿಸಿಕೊಳ್ಳಲಿ. ಉರಿಯುವ ಬತ್ತಿಯನ್ನು ನೆಟ್ಟಗೆ ಹಿಡಿದು, ಇನ್ನೂ ಹಚ್ಚದಿರುವುದನ್ನಷ್ಟೇ ಬಾಗಿಸಿದರೆ ಕರಗಿದ ಮೇಣ ಕೈಮೇಲೆ ಸುರಿಯುವುದಿಲ್ಲ. ಕೊನೆಗೆ, ಒಳ್ಳೆಯ ಕೆಲಸಗಳ ಮೂಲಕ ನಿಮ್ಮ ಬೆಳಕು ಜನರಿಗೆ ಕಾಣಲಿ ಎನ್ನುವ ಮತ್ತಾಯ 5:16ನ್ನು ಓದಿ, ಆ ವಾರ ಯಾವ ನೆರೆಮನೆಗೆ ಊಟ ಒಯ್ಯಬೇಕು, ಆಸ್ಪತ್ರೆಯಲ್ಲಿರುವ ಯಾರನ್ನು ಕಂಡು ಬರಬೇಕು ಎಂಬುದನ್ನು ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿರಿ.