ಸಂಜೆ ಆರೂವರೆಗೆ ಕಡಿದುಹೋಗುತ್ತಿದ್ದ ಬ್ರಾಡ್‌ಬ್ಯಾಂಡ್: ನನ್ನ ಅನುಭವ

2020ರ ಮಳೆಗಾಲ ಹಿಡಿದ ಮೇಲೆ ನಮ್ಮ ಮನೆಯ ಬ್ರಾಡ್‌ಬ್ಯಾಂಡ್ ಪ್ರತಿದಿನ ಸಂಜೆ ಆರೂವರೆಯ ಹೊತ್ತಿಗೆ ಕಡಿದುಹೋಗತೊಡಗಿತು. ಹೊಸನಗರ ತಾಲ್ಲೂಕಿನ ಒಳಹಳ್ಳಿಯಲ್ಲಿರುವ ನಮಗೆ ಮೊಬೈಲ್ ಸಿಗ್ನಲ್ ಸಿಗುವುದು ಅಂಗಳದ ಅಂಚಿನಲ್ಲಿ ಮಾತ್ರ. ಎಕ್ಸ್‌ಚೇಂಜಿನಿಂದ ಮೂರು ಕಿಲೋಮೀಟರಿಗೂ ಹೆಚ್ಚು ದೂರ ಕಾಡು, ಗದ್ದೆ, ತೋಟಗಳನ್ನು ದಾಟಿ ಬರುವ ತಾಮ್ರದ ದೂರವಾಣಿ ತಂತಿಯನ್ನೇ ನಂಬಿಕೊಂಡು ನಾನು ವರ್ತಕರ ಲೆಕ್ಕಪತ್ರ ಬರೆಯುತ್ತಿದ್ದೆ, ಮಗಳು ಆನ್‌ಲೈನ್ ತರಗತಿಗೆ ಕೂರುತ್ತಿದ್ದಳು. ದೂರು ಕೊಟ್ಟಾಗ ಲೈನ್‌ಮನ್ ಬಂದರು, ಕಂಬದ ಮೇಲಿನ ಜಾಯಿಂಟ್ ಬಿಚ್ಚಿ ಒರೆಸಿ ಮತ್ತೆ ಕಟ್ಟಿದರು. ಅವರು ಬಂದದ್ದು ಹಗಲಿನಲ್ಲಿ, ಹಗಲಿನಲ್ಲಿ ಲೈನ್ ಸರಿಯಾಗಿಯೇ ಇತ್ತು. ಮಲೆನಾಡಿನಲ್ಲಿ ಫೋನ್ ಕೆಟ್ಟರೆ ಎಲ್ಲರ ಅನುಮಾನ ಮೊದಲು ಹೋಗುವುದು ಜಾಯಿಂಟಿಗೆ ನೀರಿಳಿದಿದೆ ಎಂಬುದರ ಕಡೆಗೆ. ನಾನೂ ಹಾಗೆಯೇ ತಿಳಿದು ಎರಡು ವಾರ ಕಳೆದೆ.

ಆದರೆ ನೀರು ಗಡಿಯಾರ ನೋಡಿಕೊಂಡು ಇಳಿಯುವುದಿಲ್ಲ. ಮಳೆ ಬಿಟ್ಟ ದಿನವೂ ಆರೂವರೆಗೇ ಕಡಿಯುತ್ತದೆ, ಬೆಳಿಗ್ಗೆ ಆರೂವರೆಗೆ ತಾನಾಗಿ ಸರಿಯಾಗುತ್ತದೆ ಎಂದು ಗೊತ್ತಾದ ಮೇಲೆ ಒಂದು ನೋಟ್‌ಬುಕ್ ಇಟ್ಟು ಬರೆಯಲು ಆರಂಭಿಸಿದೆ. ಬ್ರೌಸರಿನಲ್ಲಿ 192.168.1.1 ಎಂದು ಕೊಟ್ಟರೆ ತೆರೆಯುವ ಮೋಡೆಮ್‌ನ ಪುಟದಲ್ಲಿ ಲೈನಿನ ಸ್ಥಿತಿಯನ್ನು ತೋರಿಸುವ ಭಾಗವೊಂದಿದೆ. ಅಲ್ಲಿರುವ ಅಟೆನ್ಯುಯೇಶನ್ ಎಂದರೆ ತಂತಿಯ ಉದ್ದಕ್ಕೆ ಸಂಕೇತ ಎಷ್ಟು ಸೊರಗಿದೆ ಎಂಬ ಲೆಕ್ಕ. ಎಸ್‌ಎನ್‌ಆರ್ ಮಾರ್ಜಿನ್ ಎಂದರೆ ಲೈನ್ ಕಡಿಯದೆ ಇನ್ನೆಷ್ಟು ಗದ್ದಲವನ್ನು, ಅಂದರೆ ಬೇಡದ ವಿದ್ಯುತ್ ಅಡಚಣೆಯನ್ನು, ತಾಳಿಕೊಳ್ಳಬಲ್ಲದು ಎಂಬ ಲೆಕ್ಕ. ಹಗಲು ರಾತ್ರಿ ಎರಡೂ ಹೊತ್ತು ಅಟೆನ್ಯುಯೇಶನ್ 48 ಡೆಸಿಬಲ್‌ನಲ್ಲೇ ನಿಂತಿತ್ತು, ಮಾರ್ಜಿನ್ ಮಾತ್ರ 11ರಿಂದ 6ಕ್ಕೆ ಇಳಿಯುತ್ತಿತ್ತು. ಇವೆರಡಕ್ಕಿಂತ ಸ್ಪಷ್ಟವಾಗಿ ಮಾತಾಡಿದ್ದು ಸಿಆರ್‌ಸಿ ದೋಷಗಳ, ಅಂದರೆ ದಾರಿಯಲ್ಲಿ ಕೆಟ್ಟು ಬಂದ ದತ್ತಾಂಶದ ತುಣುಕುಗಳ, ಎಣಿಕೆ. ಹಗಲಿನಲ್ಲಿ ಗಂಟೆಗೆ ಹತ್ತನ್ನೂ ದಾಟದ ಆ ಅಂಕಿ ಸಂಜೆಯಾದೊಡನೆ ನಿಮಿಷಕ್ಕೆ ಸುಮಾರು ಐವತ್ತರಂತೆ ಏರುತ್ತಿತ್ತು. ಅದೇ ಹೊತ್ತಿನಲ್ಲಿ ಫೋನಿನ ರಿಸೀವರ್ ಎತ್ತಿ ಕಿವಿಗಿಟ್ಟು ಕೈಗಡಿಯಾರ ನೋಡುತ್ತಾ ಕೂತೆ. ಡಯಲ್ ಟೋನಿನ ಹಿಂದೆ ‘ಟಿಕ್, ಟಿಕ್’ ಎಂಬ ಸಣ್ಣ ಸದ್ದು ಒಂದೇ ಅಂತರದಲ್ಲಿ, ನಿಮಿಷಕ್ಕೆ ಸರಿಯಾಗಿ ಐವತ್ತು ಸಲ ಕೇಳಿಸಿತು. ತಂತಿಯಲ್ಲಿ ಕೆಡುಕಿಲ್ಲ, ಹೊರಗಿನಿಂದ ಏನೋ ಬಂದು ಅದರ ಮೇಲೆ ಬೀಳುತ್ತಿದೆ ಎಂಬುದು ನನಗೆ ಖಚಿತವಾದದ್ದು ಆ ಕ್ಷಣದಲ್ಲಿ.

ಇನ್ನೊಬ್ಬರ ಮನೆಯ ಕಡೆ ಬೆರಳು ತೋರಿಸುವ ಮೊದಲು ನಮ್ಮ ಮನೆಯನ್ನು ಪರೀಕ್ಷಿಸಲೇಬೇಕು. ಈ ಕ್ರಮವನ್ನು ಯಾರೂ ತಪ್ಪಿಸಬಾರದೆಂದು ನನ್ನ ಬಲವಾದ ಅಭಿಪ್ರಾಯ. ತೋಟಕ್ಕೆ ಔಷಧಿ ಹೊಡೆಯುವ ಪಂಪಿನ 12 ವೋಲ್ಟ್ ಬ್ಯಾಟರಿಗೆ ಮೋಡೆಮ್ ಜೋಡಿಸಿ, ಮನೆಯ ಮೇನ್ ಸ್ವಿಚ್ ಇಳಿಸಿ, ಇನ್ವರ್ಟರನ್ನೂ ಆರಿಸಿ ಕತ್ತಲಲ್ಲಿ ಕೂತು ನೋಡಿದೆವು. ದೋಷಗಳ ಎಣಿಕೆ ಹಾಗೆಯೇ ಏರುತ್ತಿತ್ತು. ಆದರೆ ಈ ಪರೀಕ್ಷೆಯಲ್ಲಿ ನಮ್ಮದೇ ಒಂದು ತಪ್ಪೂ ಸಿಕ್ಕಿತು. ಜಗಲಿಯಿಂದ ಒಳಕೋಣೆಗೆ ಎಳೆದಿದ್ದ 15 ಮೀಟರಿನ ಚಪ್ಪಟೆ ಫೋನ್ ವೈರಿನಲ್ಲಿ ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರಲಿಲ್ಲ. ಹೆಣೆದ ಜೋಡಿಯಲ್ಲಿ ಹೊರಗಿನ ಗದ್ದಲ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು ಬಹುಪಾಲು ರದ್ದಾಗುತ್ತದೆ, ಚಪ್ಪಟೆ ವೈರು ಆಂಟೆನಾದಂತೆ ಅದನ್ನು ಹೀರಿಕೊಳ್ಳುತ್ತದೆ. ಅದನ್ನು ಕಿತ್ತು ಮೋಡೆಮನ್ನು ಜಗಲಿಗೇ ತಂದಿಟ್ಟ ಮೇಲೆ ಸ್ವಲ್ಪ ಸುಧಾರಿಸಿತು, ನಿಲ್ಲಲಿಲ್ಲ.

ಮೂಲ ಹುಡುಕಿಕೊಟ್ಟದ್ದು ಅಪ್ಪನ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ. ಫೋನಿನ ತಾಮ್ರದ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ತರುವ ತಂತ್ರಕ್ಕೆ ಎಡಿಎಸ್‌ಎಲ್ ಎನ್ನುತ್ತಾರೆ. ಅದರ ಸಂಕೇತಗಳು ತಂತಿಯಲ್ಲಿ ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗೆ, ಅದರ ಸುಧಾರಿತ ರೂಪವಾದ ಎಡಿಎಸ್‌ಎಲ್2+ ಆದರೆ 2.2 ಮೆಗಾಹರ್ಟ್ಸ್‌ವರೆಗೆ ಹರಡಿರುತ್ತವೆ. ಮಧ್ಯಮ ತರಂಗದ ರೇಡಿಯೊ ಪಟ್ಟಿಯೂ ಇದೇ ವ್ಯಾಪ್ತಿಯಲ್ಲಿ ಬರುವುದರಿಂದ, ಮೋಡೆಮ್‌ಗೆ ಕೇಳಿಸುವ ಗದ್ದಲ ರೇಡಿಯೊಗೂ ಕೇಳಿಸಬೇಕು. 675 ಕಿಲೋಹರ್ಟ್ಸ್‌ನ ಭದ್ರಾವತಿ ಆಕಾಶವಾಣಿಯನ್ನು ದಾಟಿ, ಯಾವ ನಿಲಯವೂ ಇಲ್ಲದ ಖಾಲಿ ಜಾಗದಲ್ಲಿ ಮುಳ್ಳು ನಿಲ್ಲಿಸಿದೆ. ಅದೇ ಟಿಕ್, ಅದೇ ಅಂತರ. ಇಂಥ ರೇಡಿಯೊದೊಳಗೆ ಆಂಟೆನಾ ಆಗಿ ಕೆಲಸ ಮಾಡುವ ಫೆರೈಟ್ ಕಡ್ಡಿಯೊಂದು ಅಡ್ಡಲಾಗಿ ಮಲಗಿರುತ್ತದೆ. ರೇಡಿಯೊವನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಕಡೆ ಸದ್ದು ತೀರಾ ಕುಗ್ಗುತ್ತದೆ. ಆಗ ಕಡ್ಡಿಯ ತುದಿ ನೋಡುವ ದಿಕ್ಕಿನಲ್ಲೇ ಗದ್ದಲದ ಮೂಲ ಇರುತ್ತದೆ. ಅಂಗಳದಲ್ಲಿ ಒಮ್ಮೆ, ಕೊಟ್ಟಿಗೆಯ ಹಿಂದೆ ಒಮ್ಮೆ ನಿಂತು ಎರಡು ಗೆರೆ ಎಳೆದಾಗ ಅವು ಕೂಡಿದ್ದು ಮೇಲಿನ ಮನೆಯ ತೋಟದ ಅಂಚಿನಲ್ಲಿ. ಕೊಡೆ, ಟಾರ್ಚು, ರೇಡಿಯೊ ಹಿಡಿದು ಅತ್ತ ನಡೆದಂತೆ ಸದ್ದು ಏರುತ್ತಾ ಹೋಯಿತು. ಅಲ್ಲಿ ನಮ್ಮ ಫೋನ್ ತಂತಿ ಸುಮಾರು 60 ಮೀಟರ್ ದೂರ ಅವರ ಸೋಲಾರ್ ಬೇಲಿಯ ಪಕ್ಕದಲ್ಲಿ, ಮಾರು ದೂರವೂ ಇಲ್ಲದಂತೆ, ಸಮಾನಾಂತರವಾಗಿ ಸಾಗಿತ್ತು. ಕಾಡುಹಂದಿ ಕಾಟಕ್ಕೆ ಹಾಕಿಸಿದ ಆ ಬೇಲಿಯ ಮಷಿನನ್ನು ಅವರು ಕಪ್ಪಾಗುವ ಹೊತ್ತಿಗೆ ಹಾಕಿ ಬೆಳಿಗ್ಗೆ ಆರಿಸುತ್ತಿದ್ದರು.

ಹೋಗಿ ಹೇಳುವುದು ಹೇಗೆಂದು ನಾನು ಬಹಳ ಯೋಚಿಸಿದೆ. ಸುಸ್ಥಿತಿಯಲ್ಲಿರುವ ಬೇಲಿ ಇಷ್ಟು ಗದ್ದಲ ಮಾಡುವುದಿಲ್ಲ. ಮಷಿನು ಸೆಕೆಂಡಿಗೊಮ್ಮೆಯೋ ಸ್ವಲ್ಪ ತಡವಾಗಿಯೋ ಕೆಲವು ಸಾವಿರ ವೋಲ್ಟುಗಳ ಕಿರು ಹೊಡೆತವನ್ನು ತಂತಿಗೆ ಕೊಡುತ್ತದೆ, ಆ ಹೊಡೆತ ಎಲ್ಲಿಯಾದರೂ ನೆಲಕ್ಕೆ ಕಿಡಿಯಾಗಿ ಹಾರಿದರೆ ಆ ಕಿಡಿಯೇ ರೇಡಿಯೊ ತರಂಗಗಳನ್ನು ಎರಚುತ್ತದೆ. ಹಾಗಾದರೆ ಅವರ ಬೇಲಿಯಲ್ಲೂ ಶಕ್ತಿ ಸೋರಿಹೋಗುತ್ತಿರಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮರುದಿನ ಸಂಜೆ ರೇಡಿಯೊ ಸಮೇತ ಹೋದೆ. “ಅಣ್ಣಯ್ಯ, ನಿಮ್ಮ ಬೇಲೀಲಿ ಕರೆಂಟ್ ಸೋರ್ತಿದೆ ಅನ್ಸುತ್ತೆ, ಒಂದ್ಸಲ ನೋಡಣ ಬನ್ನಿ” ಎಂದೆ. ಅವರು ರೇಡಿಯೊ ಕೈಗೆ ತೆಗೆದುಕೊಂಡು ಕೇಳಿ, “ಅದಕ್ಕೇ ಮಾರಾಯ್ತಿ, ಬೇಲಿ ಇದ್ರೂ ಹಂದಿ ಒಳಗೆ ಬರ್ತಿದಾವೆ ಅಂತ ತಲೆಬಿಸಿ ಮಾಡ್ಕಂಡಿದ್ದೆ” ಎಂದರು. ಐದು ನಿಮಿಷ ಮಷಿನ್ ಆರಿಸಿದರು, ಮನೆಯಲ್ಲಿ ಮೋಡೆಮ್ ಪುಟ ನೋಡುತ್ತಿದ್ದ ಮಗಳು ಅಂಗಳದ ಅಂಚಿಗೆ ಬಂದು ಎಣಿಕೆ ನಿಂತಿತು ಎಂದು ಕೂಗಿದಳು. ಮತ್ತೆ ಹಾಕಿದಾಗ ಮತ್ತೆ ಏರಿತು. ಮೂರು ಸಲ ಹೀಗೆ ಮಾಡಿ ಸಮಯ ಬರೆದುಕೊಂಡೆವು.

ಟಾರ್ಚ್ ಆರಿಸಿ ಬೇಲಿಯ ಗುಂಟ ನಡೆದಾಗ ಮೂರನೆಯ ಕಂಬದಲ್ಲಿ ನೀಲಿ ಕಿಡಿ ಕಣ್ಣಿಗೇ ಬಿತ್ತು. ಇನ್ಸುಲೇಟರ್ ಸೀಳಿ, ತಂತಿ ಒದ್ದೆ ಮರದ ಕಂಬಕ್ಕೆ ಒರಗಿತ್ತು. ಆ ಜಾಗದಲ್ಲಿ ಮರ ಹೆಬ್ಬೆರಳ ಅಗಲಕ್ಕೆ ಸುಟ್ಟು ಕಪ್ಪಾಗಿತ್ತು. ಅದರಾಚೆ ಜರಿಗಿಡ, ಬಳ್ಳಿಗಳು ಕೆಳತಂತಿಯನ್ನು ಮುಟ್ಟಿದ್ದವು. ಎರಡು ಕಡೆ ತಂತಿಯನ್ನು ಕೈಯಲ್ಲಿ ಸುತ್ತಿ ಗಂಟು ಹಾಕಿದ್ದರು. ಮಷಿನಿನ ಅರ್ಥಿಂಗ್ ಸಲಾಕೆ ಮನೆಯ ವಿದ್ಯುತ್ ಅರ್ಥಿಂಗಿನ ಹತ್ತಿರವೇ ಇತ್ತು. ಬೇಲಿ ಮಷಿನುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60335-2-76 ಈ ಸಲಾಕೆಗೂ ವಿದ್ಯುತ್ ಅಥವಾ ದೂರವಾಣಿಯ ಅರ್ಥಿಂಗಿಗೂ ಕನಿಷ್ಠ 10 ಮೀಟರ್ ಅಂತರ ಕೇಳುತ್ತದೆ. ಮರುದಿನ ಮಷಿನ್ ಆರಿಸಿ, ಇನ್ಸುಲೇಟರ್ ಬದಲಿಸಿ, ಗಂಟುಗಳ ಜಾಗಕ್ಕೆ ಕ್ಲ್ಯಾಂಪ್ ಹಾಕಿ, ಗಿಡ ಸವರಿ, ಸಲಾಕೆಯನ್ನು ತೋಟದ ಜೌಗು ಮೂಲೆಗೆ ಸಾಗಿಸಿದರು. ಬೇಲಿ ಟೆಸ್ಟರಿನಲ್ಲಿ 2.5 ಕಿಲೋವೋಲ್ಟ್ ಇದ್ದದ್ದು 6ಕ್ಕೆ ಏರಿತು.

ನಮ್ಮ ಪಾಲಿನ ಕೆಲಸವೂ ಉಳಿದಿತ್ತು. ನೋಟ್‌ಬುಕ್ಕಿನ ಪುಟಗಳನ್ನು ನೋಡಿದ ಮೇಲೆ ಲೈನ್‌ಮನ್ ಆಸಕ್ತಿಯಿಂದ ನಿಂತು, ಫೋನ್ ತಂತಿಯನ್ನು ರಸ್ತೆಯ ಆಚೆ ಬದಿಗೆ ಎಳೆದು, ಬೇಲಿಯನ್ನು ಒಂದೇ ಕಡೆ ನೇರ ಅಡ್ಡಲಾಗಿ ದಾಟುವಂತೆ ಮಾಡಿಕೊಟ್ಟರು. ಎಕ್ಸ್‌ಚೇಂಜಿನಲ್ಲಿ ಇಂಟರ್‌ಲೀವಿಂಗ್ ಹಾಕಿಸಿದೆ. ಇದು ದತ್ತಾಂಶವನ್ನು ಹರಡಿ ಕಳುಹಿಸುವುದರಿಂದ ಕ್ಷಣಮಾತ್ರದ ಹೊಡೆತದಲ್ಲಿ ಕಳೆದುದನ್ನು ಮೋಡೆಮ್ ತಾನೇ ಸರಿಪಡಿಸಿಕೊಳ್ಳುತ್ತದೆ, ಪ್ರತಿಕ್ರಿಯೆ ಮಾತ್ರ ಕೆಲವು ಮಿಲಿಸೆಕೆಂಡ್ ನಿಧಾನವಾಗುತ್ತದೆ. ಗದ್ದಲ ತಡೆಯಲೆಂದು ಮೋಡೆಮ್ ವೈರಿಗೆ ಹಾಕಿದ ಫೆರೈಟ್ ಉಂಗುರದಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ವೇಲ್ಸ್‌ನ ಅಬರ್‌ಹೋಸನ್ ಎಂಬ ಹಳ್ಳಿಯ ಸುದ್ದಿ ಓದಿದೆ. ಅಲ್ಲಿ ದಿನವೂ ಬೆಳಿಗ್ಗೆ ಏಳಕ್ಕೆ ಒಬ್ಬರು ಹಾಕುತ್ತಿದ್ದ ಹಳೆಯ ಟಿವಿಯಿಂದ ಇಡೀ ಊರಿನ ಬ್ರಾಡ್‌ಬ್ಯಾಂಡ್ 18 ತಿಂಗಳು ಕೆಟ್ಟಿತ್ತು. ಅಲ್ಲಿಯೂ ಸುಳಿವು ಕೊಟ್ಟದ್ದು ಗಡಿಯಾರವೇ.

ಆ ಮಳೆಗಾಲ ಮುಗಿಯುವವರೆಗೆ ರಾತ್ರಿಯ ಎಣಿಕೆ ಗಂಟೆಗೆ ಇಪ್ಪತ್ತನ್ನು ದಾಟಲಿಲ್ಲ. ಈಗ ನಮಗೆ ಫೈಬರ್ ಬಂದಿದೆ, ಗಾಜಿನ ಎಳೆಯೊಳಗಿನ ಬೆಳಕಿಗೆ ಈ ಕಿಡಿಯ ಭಯವಿಲ್ಲ. ಆದರೂ ಪ್ರತಿ ಜೂನಿನಲ್ಲಿ ಮೇಲಿನ ಮನೆಯ ಅಣ್ಣಯ್ಯ ಬಂದು ರೇಡಿಯೊ ಕೇಳಿ ಒಯ್ಯುತ್ತಾರೆ, ಬೇಲಿಯ ಗುಂಟ ಒಂದು ಸುತ್ತು ನಡೆದು ಎಲ್ಲಿ ಸೋರುತ್ತಿದೆಯೆಂದು ನೋಡಿಕೊಂಡು ತಂದುಕೊಡುತ್ತಾರೆ.